ದಾನಮ್ಮನ ಎರಡು ಪುಟ

ಒಂದು ಹೊಳೆ, ಹೊಳೆಯ ದಂಡೆಗೆ ಒಂದು ಆಶ್ರಮ. ಇಷ್ಟು ಹೇಳಿದರೆ ಸಾಕು, ಉಳಿದದ್ದನ್ನು ನೀವೇ ಕಟ್ಟಿಕೊಳ್ಳಬಲ್ಲಿರಿ.

ಆಶ್ರಮದ ಗುರುಗಳನ್ನು ಸುತ್ತಲಿನ ಊರವರು ಅಜ್ಜಾರು ಅನ್ನುತ್ತಿದ್ದರು. ಕಾವಿ ಉಡುವ ಮೊದಲು ಅವರು ಡಾಕ್ಟರಿಕೆ ಕಲಿತವರು. ಉಟ್ಟ ಮೇಲೂ ಅದನ್ನು ಬಿಡಲಿಲ್ಲ. ಬೆಳಗಿನ ಪೂಜೆ ಮುಗಿಯಿತೆಂದರೆ ಜಗಲಿಯ ಮೇಲೆ ದವಾಖಾನೆ.

ಆ ದವಾಖಾನೆಗೆ ಒಂದು ಪದ್ಧತಿ ಇತ್ತು. ರೋಗಿ ಹೇಳಿದ್ದನ್ನು ಚೀಟಿಯ ಮೇಲೆ ಬರೆಯಬೇಕು. ಬರೆದದ್ದನ್ನು ಆ ರೋಗಿಗೇ ಗಟ್ಟಿಯಾಗಿ ಓದಿ ಹೇಳಬೇಕು. ಅವರು ಹೌದು ಅಂದರೆ ಮಾತ್ರ ಮದ್ದು. ಅಲ್ಲ ಅಂದರೆ ಚೀಟಿ ಹರಿದು ಮತ್ತೆ ಬರೆ. ಅವಸರದವರು ಬೈದುಕೊಳ್ಳುತ್ತಿದ್ದರು. ಅಜ್ಜಾರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಚೀಟಿ ಬರೆಯುವವಳು, ಗಾಯ ತೊಳೆಯುವವಳು, ಬಟ್ಟೆ ಕಟ್ಟುವವಳು ಎಲ್ಲಾ ಒಬ್ಬಳೇ, ದಾನಮ್ಮ. ದೂರದೂರಿನ ಟೇಲರ್ ಈರಪ್ಪನ ಮಗಳು. ಮೂರು ವರ್ಷದ ಹಿಂದೆ ಆಶ್ರಮಕ್ಕೆ ಬಂದು, ಇಲ್ಲೇ ಇದ್ದು ಓದಿದಳು. ಅಪ್ಪನ ಕೈಯ ಅಚ್ಚುಕಟ್ಟು ಮಗಳ ಕೈಗೂ ಬಂದಿತ್ತು. ಅವಳು ಕಟ್ಟಿದ ಬ್ಯಾಂಡೇಜು ನೋಡಿದರೆ ಗಾಯವಿಲ್ಲದವರಿಗೂ ನಾವೊಂದು ಕಟ್ಟಿಸಿಕೊಳ್ಳೋಣ ಅನ್ನಿಸಬೇಕು, ಹಾಗೆ.

ಅವಳಿಗೆ ಡಾಕ್ಟರಾಗಬೇಕಿತ್ತು. ಬೇರೆ ಹುಡುಗಿಯರಿಗೆ ಹತ್ತು ಆಸೆ ಇದ್ದರೆ ಇವಳಿಗೆ ಇದೊಂದೇ, ಹತ್ತರಷ್ಟು ದೊಡ್ಡದು.

ಪರೀಕ್ಷೆಯಲ್ಲಿ ಅಂಕವೂ ಬಂದವು. ಆದರೆ ಅವಳು ಕಣ್ಣಿಟ್ಟಿದ್ದ ಮೆಡಿಕಲ್ ಕಾಲೇಜಿಗೆ ಬರೀ ಅಂಕ ಸಾಲದು. ಎರಡು ಪುಟದ ಬಯೋಡೇಟಾ ಬೇಕು. ನೀನು ಯಾರು, ಈವರೆಗೆ ಏನು ಮಾಡಿದ್ದೀ, ಯಾರ ಬಳಿ ಕಲಿತಿದ್ದೀ. ಕೊನೆಗೆ ನಿನ್ನನ್ನು ಬಲ್ಲ ಹಿರಿಯರೊಬ್ಬರ ಸಹಿ. ಶನಿವಾರದ ಟಪಾಲಿಗೆ ಹಾಕದಿದ್ದರೆ ಆ ವರ್ಷದ ಮಾತು ಮುಗಿದ ಹಾಗೆ.

ಬುಧವಾರ ಬೆಳಿಗ್ಗೆ ದಾನಮ್ಮ ಎರಡು ಪುಟ ಹಿಡಿದುಕೊಂಡು ಅಜ್ಜಾರ ಮುಂದೆ ನಿಂತಳು. ಮೂರು ದಿನ ಕೂತು ಬರೆದದ್ದು. ಒಂದು ಅಕ್ಷರ ತಿದ್ದಿಲ್ಲ, ಒಂದು ಸಾಲು ಸೊಟ್ಟಗಿಲ್ಲ.

ಅಜ್ಜಾರು ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದರು.

"ಭಾಳ ಚಂದ ಬರ್ದೀದಿ."

ದಾನಮ್ಮನ ಮುಖ ಅರಳಿತು. ಪೆನ್ನು ಮುಂದೆ ಹಿಡಿದಳು.

"ಓದಿ ಹೇಳಿದ್ಯೇನು?"

"ಯಾರಿಗ್ರಿ?"

"ಇದರಾಗ ಬಂದೋರಿಗೆ."

"ಇದು ಚೀಟಿ ಅಲ್ರಿ ಅಜ್ಜಾರೆ, ಬಯೋಡೇಟಾ."

"ಮಂದಿ ಬಗ್ಗೆ ಬರ್ದದ್ದು ಐತಿಲ್ಲ?"

"ಐತ್ರಿ."

"ಹಂಗಾದ್ರ ಓದಿ ಹೇಳು. ಅವರು ಹೌದಂದ್ರ ನಾ ಸಹಿ ಮಾಡ್ತೀನಿ."

ದಾನಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೊದಲ ಪುಟದಲ್ಲೇ 'ಮುನ್ನೂರಕ್ಕೂ ಹೆಚ್ಚು ರೋಗಿಗಳ ಶುಶ್ರೂಷೆ ಮಾಡಿದ್ದೇನೆ' ಅಂತ ಬರೆದಿದ್ದಳು.

"ಮುನ್ನೂರು ಮಂದಿಗೆ ಮೂರು ದಿನದಾಗ ಹೆಂಗ ಓದಿ ಹೇಳ್ಲಿರಿ?"

"ಮುನ್ನೂರು ಬ್ಯಾಡ. ನಿನಗ ಹೆಸರು ನೆನಪಿರೋರಿಗೆ ಸಾಕು."

ಅಷ್ಟು ಅಂದು ಅಜ್ಜಾರು ಮುಂದಿನ ರೋಗಿಯನ್ನು ಕರೆದರು.

ಅಜ್ಜಾರ ಮುಂದೆ ವಾದ ಮಾಡಿ ಗೆದ್ದವರು ಆ ಹೊಳೆಯ ಎರಡೂ ದಂಡೆಯಲ್ಲಿ ಯಾರೂ ಇರಲಿಲ್ಲ. ದಾನಮ್ಮ ಹಲ್ಲು ಕಚ್ಚಿಕೊಂಡು ಹೊರಟಳು.

ಮೊದಲು ಕುರಿ ಕಾಯುವ ಮಾಳಪ್ಪಜ್ಜ. ಅವನಿಗೆ ಸಕ್ಕರೆ ಕಾಯಿಲೆ. ಹಿಂದಿನ ವರ್ಷ ಅಂಗಾಲಿನಲ್ಲಿ ಹುಣ್ಣಾಗಿ, ಐದು ತಿಂಗಳು ಆಶ್ರಮಕ್ಕೆ ಬಂದು ಹೋಗಿದ್ದ. ಗುಡ್ಡದ ಓರೆಯಲ್ಲಿ ಕುರಿಗಳ ನಡುವೆ ಸಿಕ್ಕಿದ. ದಾನಮ್ಮ ಬಂದ ಕೆಲಸ ಹೇಳಿ, ಓದಿದಳು.

"'ಮಧುಮೇಹಿಯೊಬ್ಬರ ಪಾದದ ದೀರ್ಘಕಾಲೀನ ವ್ರಣವನ್ನು ಸತತ ಆರೈಕೆಯಿಂದ ಗುಣಪಡಿಸಿದ್ದೇನೆ.'"

ಮಾಳಪ್ಪಜ್ಜ ಕೋಲಿನ ಮೇಲೆ ಗದ್ದ ಇಟ್ಟುಕೊಂಡು ಕೇಳಿದ.

"ವ್ರಣ ಅಂದ್ರ ಏನವ್ವಾ?"

"ಹುಣ್ಣು, ಯಜ್ಜಾ."

"ಹುಣ್ಣು ಅಂತ ಬರಿಯಾಕ ನಿನಗೇನು ಧಾಡಿಯಾಗಿತ್ತು?"

ದಾನಮ್ಮ ಆ ಪದದ ಕೆಳಗೊಂದು ಗೆರೆ ಎಳೆದಳು.

"ಗುಣ ಮಾಡಿದ್ದು ಅಜ್ಜಾರ ಮದ್ದು. ನೀ ತೊಳೀತಿದ್ದಿ. ಖರೆ ಹೇಳಬೇಕಂದ್ರ ಒಂದೆರಡು ಸಲ ಮೂಗೂ ಮುಚ್ಕೊಂಡಿದ್ದಿ."

ಅವಳ ಕಿವಿ ಕೆಂಪಾದವು. ಕಾಗದ ಮಡಚಲು ಹೋದಳು.

"ತಡಿಯವ್ವಾ, ಎಲ್ಲಿ ಹೊಂಟಿ? ಚಪ್ಪಲಿ ಮಾತು ಯಾಕ ಬರಿಲಿಲ್ಲ?"

ಆ ಚಪ್ಪಲಿಯ ಕಥೆ ಹೀಗೆ. ಕಾಲು ಗುಣವಾದ ಮೇಲೆ ಅಜ್ಜಾರು ಮಾಳಪ್ಪಜ್ಜನಿಗೆ, ಇನ್ನು ಬರಿಗಾಲಲ್ಲಿ ತಿರುಗಬೇಡ ಅಂದಿದ್ದರು. ಜನ್ಮದಲ್ಲಿ ಚಪ್ಪಲಿ ಮೆಟ್ಟದವನು ಆಗಲಿ ಅಂದು, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಿದ್ದ. ದಾನಮ್ಮನಿಗೆ ಗೊತ್ತಾಯಿತು. ಸಂತೆಗೆ ಹೋಗುವಾಗೊಮ್ಮೆ, ಬರುವಾಗೊಮ್ಮೆ ಗುಡ್ಡ ಹತ್ತಿ ಅವನ ಕಾಲು ನೋಡುತ್ತಿದ್ದಳು. ಒಂದು ದಿನವಂತೂ ಕುರಿ ಹಾಯುವ ದಾರಿಗೇ ಅಡ್ಡ ಕೂತುಬಿಟ್ಟಳು. ಚಪ್ಪಲಿ ಮೆಟ್ಟುವ ತನಕ ಒಂದು ಕುರಿಯೂ ಮುಂದೆ ಹೋಗಲಿಲ್ಲ.

"ಹುಣ್ಣು ಮತ್ತ ಬರಲಿಲ್ಲ ಅಂದ್ರ ಅದಕ. ಅದನ್ನ ಬರಿ."

"ಚಪ್ಪಲಿ ಹಾಕಿಸಿದೆ ಅಂತ ಹೆಂಗ ಬರೀಲಿ ಯಜ್ಜಾ? ದೊಡ್ಡ ದೊಡ್ಡ ಡಾಕ್ಟರು ಓದೋರು, ನಗ್ತಾರ."

"ನಗ್ಲಿ ಬಿಡು. ನನ್ನ ಕಾಲಂತೂ ಉಳಿದೈತಿ."

ಅಲ್ಲಿಂದ ಶಾಲೆಗೆ. ಹೆಂಗಸರ ಶಿಬಿರ ನಡೆಸಿದ್ದ ಪ್ರಭಾವತಿ ಟೀಚರಿಗೆ 'ಮಹಿಳೆಯರ ಆರೋಗ್ಯ ಶಿಬಿರದ ನೇತೃತ್ವ ವಹಿಸಿದ್ದೇನೆ' ಅನ್ನುವ ಸಾಲು ಓದಿ ಹೇಳಿದಳು. ಟೀಚರು ಬಿದ್ದು ಬಿದ್ದು ನಕ್ಕರು.

"ನೇತೃತ್ವ? ನೀ ಚಾಪೆ ಹಾಸಿದಿ, ಚಹಾ ಕೊಟ್ಟಿ. ಅಷ್ಟರಾಗ ನೇತೃತ್ವ ಎಲ್ಲಿ ಬಂತು?"

"ತಪ್ಪಾತ್ರಿ ಟೀಚರ್."

"ಆದ್ರ ಒಂದು ಮಾತು. ಹಿಂದಿನ ಶಿಬಿರಕ್ಕ ಬಂದೋರು ಬರೇ ಆರು ಮಂದಿ. ಈ ಸಲ ಹಾಸಿದ ಚಾಪೆ ಸಾಲಲಿಲ್ಲ. ಮನಿ ಮನಿಗೆ ಹೋಗಿ, ಅತ್ತಿಯರನ್ನ ಒಪ್ಪಿಸಿ ಸೊಸೆಯರನ್ನ ಕರಕೊಂಡು ಬಂದೋರು ಯಾರು? ಅದು ಇಲ್ಲೆಲ್ಲೂ ಕಾಣವಲ್ದು."

ದಾನಮ್ಮ ಗುರುವಾರ ಮಧ್ಯಾಹ್ನ ಕೂತು ಮತ್ತೆ ಬರೆದಳು. ವಿಚಿತ್ರ ನೋಡಿ, ಅವಳು ದೊಡ್ಡದು ಅಂದುಕೊಂಡಿದ್ದನ್ನೆಲ್ಲ ಜನ ಹೊಡೆದು ಹಾಕಿದ್ದರು. ಬರೆಯುವಂಥದ್ದೇ ಅಲ್ಲ ಅಂತ ಬಿಟ್ಟದ್ದನ್ನು ಅವರು ನೆನಪಿಟ್ಟುಕೊಂಡಿದ್ದರು. ಎರಡು ಪುಟ ಒಂದೂವರೆಗೆ ಇಳಿಯಿತು. ಆದರೂ ಅವಳ ಮನಸ್ಸು ಹಗುರಾಗಿತ್ತು.

ಶುಕ್ರವಾರ ಬೆಳಿಗ್ಗೆ ಅಜ್ಜಾರು ಹೊಸ ಕಾಗದ ಓದಿದರು. ಚಪ್ಪಲಿಯ ಸಾಲಿಗೆ ಬಂದಾಗ ಅವರ ಮೀಸೆಯಂಚಿನಲ್ಲಿ ನಗು ಕಾಣಿಸಿತು. ಪೆನ್ನು ತಗೊಂಡು ಮುಚ್ಚಳ ತೆಗೆದರು.

"ಹೆಸರು ನೆನಪಿರೋರು ಇಷ್ಟೇ ಮಂದಿ ಏನು?"

"ಇಷ್ಟೇ ರೀ," ಅಂದಳು ದಾನಮ್ಮ.

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು.

ಅಜ್ಜಾರು ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. ತಮ್ಮ ಎಡಗೈ ಮುಂದೆ ಚಾಚಿದರು.

"ಬಟ್ಟೆ ಕಟ್ಟು."

"ಏನಾಗೇತ್ರಿ?"

"ಸುಟ್ಟೈತಿ ಅಂತ ತಿಳಕೋ."

ಗುರುಗಳು ಹೇಳಿದ ಮೇಲೆ ಮುಗಿಯಿತು. ದಾನಮ್ಮ ಡಬ್ಬಿ ತಂದಳು. ಹೆಬ್ಬೆರಳಿಗೆ ಬೇರೆ ಸುತ್ತಿದಳು, ತೋರುಬೆರಳಿಗೆ ಬೇರೆ ಸುತ್ತಿದಳು. ಬೆರಳು ಬೆರಳಿನ ಸಂದಿಗೆ ಮುಲಾಮು ಸವರಿದ ತುಂಡು ಇಟ್ಟಳು. ಐದಕ್ಕೂ ಐದು ಆಗಲು ಬಹಳ ಹೊತ್ತು ಹಿಡಿಯಿತು.

ಅಜ್ಜಾರು ಕೈ ತಿರುವಿ ನೋಡಿದರು.

"ಚಂದ ಕಾಣವಲ್ದು."

"ಚಂದ ಕಾಣದಿದ್ರೂ ಹಿಂಗ ಕಟ್ಟಬೇಕ್ರಿ. ಸುಟ್ಟ ಬೆರಳು ಕೂಡಿಸಿ ಕಟ್ಟಿದ್ರ, ಹಸಿ ಚರ್ಮ ಒಂದಕ್ಕೊಂದು ಅಂಟಿಬಿಡ್ತೈತಿ."

"ಇದನ್ನ ಯಾರು ಕಲಿಸಿದ್ರು?"

"ನೀವ ರೀ."

"ನಾ ಒಂದು ಸಲ ಹೇಳಿದ್ದೆ. ಹೇಳಿದ ಮ್ಯಾಲೂ ನೀ ಕಲಿತಿರಲಿಲ್ಲ. ಕಲಿಸಿದೋರು ಯಾರು?"

ದಾನಮ್ಮ ಉಳಿದ ಬಟ್ಟೆಯನ್ನು ಡಬ್ಬಿಗೆ ಹಾಕತೊಡಗಿದಳು. ಉತ್ತರ ಅವಳಿಗೆ ಗೊತ್ತಿತ್ತು. ಎರಡು ವರ್ಷದಿಂದ ದಿನಾ ಗೊತ್ತಿತ್ತು.

ಎರಡು ವರ್ಷದ ಹಿಂದೆ ಅಜ್ಜಾರು ಮೂರು ವಾರ ಪ್ರವಾಸ ಹೋಗಿದ್ದರು. ಗಾಯದ ಕೆಲಸ ದಾನಮ್ಮನ ಕೈಗೆ ಬಿಟ್ಟಿದ್ದರು. ಆಗ ಹೊಳೆಯಾಚೆಯ ಪೇಟೆಯಿಂದ ದ್ಯಾಮವ್ವ ಬಂದಳು, ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು. ಕುದಿಯುವ ಎಣ್ಣೆ ಬಿದ್ದು ಬಲಗೈ ಬೆಂದಿತ್ತು. ದಾನಮ್ಮ ತೊಳೆದು, ಮುಲಾಮು ಹಚ್ಚಿ, ಐದೂ ಬೆರಳು ಕೂಡಿಸಿ ಬಟ್ಟೆ ಕಟ್ಟಿದಳು. ದುಂಡಗೆ, ಬಿಳಿಯದಾಗಿ, ಎಷ್ಟು ಚೆಂದ ಬಂತೆಂದರೆ ಜಗಲಿಯ ಮೇಲಿದ್ದವರೆಲ್ಲ ಹೊಗಳಿದರು. ಹೊಗಳಿಕೆ ಕೇಳಿ ಹುಡುಗಿ ಉಬ್ಬಿಹೋದಳು. ಮುಂದಿನ ಸಲವೂ ಹಾಗೇ ಕಟ್ಟಿದಳು, ಅದರ ಮುಂದಿನ ಸಲವೂ.

ಅಜ್ಜಾರು ಬಂದು ಬಿಚ್ಚಿ ನೋಡುವ ಹೊತ್ತಿಗೆ ಕಿರುಬೆರಳು ಉಂಗುರದ ಬೆರಳಿಗೆ ಅಂಟಿಕೊಂಡು ಒಂದೇ ಆಗಿತ್ತು.

ಆವತ್ತಿನಿಂದ ದಾನಮ್ಮ ಹೊಳೆ ದಾಟಿರಲಿಲ್ಲ. ಪೇಟೆಯ ಕೆಲಸವಿದ್ದರೆ ಬೇರೆಯವರನ್ನು ಕಳಿಸುತ್ತಿದ್ದಳು.

"ದ್ಯಾಮವ್ವ," ಅಂದಳು ಈಗ.

"ಯಾರ ಹತ್ರ ಕಲಿತಿ ಅಂತ ಕಾಲೇಜಿನೋರು ಕೇಳ್ಯಾರ. ಅಲ್ಲಿ ನನ್ನದೊಂದ ಹೆಸರು ಐತಿ."

ದಾನಮ್ಮ ಅತ್ತಳು. ಅಜ್ಜಾರು ಅಳಬೇಡ ಅನ್ನಲಿಲ್ಲ. ಬಟ್ಟೆ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕಾದರು.

"ಇದನ್ನ ಬರೆದ್ರ ನನ್ನ ತಗೋತಾರೇನ್ರಿ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರ ಹೆಂಗ್ರಿ ಅಜ್ಜಾರೆ? ನನ್ನ ಜೀವನಾನ ಇದರ ಮ್ಯಾಲ ನಿಂತೈತಿ."

"ಗೊತ್ತಿಲ್ಲದ್ದಕ್ಕ ಗೊತ್ತಿಲ್ಲ ಅಂದೆ. ಡಾಕ್ಟರಾದ್ರ ನೀನೂ ಭಾಳ ಸಲ ಅನ್ನಬೇಕಾಗ್ತೈತಿ."

ಹೊಳೆಯ ಕಡೆಯಿಂದ ಅಂಬಿಗನ ಕೂಗು ಕೇಳಿಸಿತು. ಅಜ್ಜಾರು ಆ ಕಡೆ ನೋಡಿದರು.

"ದೋಣಿ ಹೊಂಟೈತಿ."

ದಾನಮ್ಮ ದೋಣಿಯಲ್ಲೇ ಕೂತು, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಬರೆದಳು. ದೋಣಿ ಅಲುಗಿದ ಹಾಗೆಲ್ಲ ಅಕ್ಷರ ಸೊಟ್ಟಗಾದವು. ತಿದ್ದಲು ಹೋಗಲಿಲ್ಲ.

ಖಾನಾವಳಿಯ ಹಿಂಬಾಗಿಲಿಗೆ ಬಂದಾಗ ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಕಾಲು ಮುಂದೆ ಹೋಗಲೊಲ್ಲವು. ಹಿಂದಕ್ಕೆ ತಿರುಗಿ ಹೊಳೆ ನೋಡಿದಳು. ದೋಣಿ ಆಗಲೇ ಆಚೆ ದಂಡೆಗೆ ಹೋಗಿತ್ತು, ಒಳ್ಳೆಯದೇ ಆಯಿತು.

"ಯಾರದು ಬಾಗಿಲದಾಗ?"

"ನಾನ್ರಿ ಅತ್ತಿ. ದಾನಮ್ಮ. ಆಶ್ರಮದಾಕಿ."

"ಗೊತ್ತೈತಿ. ಕಣ್ಣೇನು ಬೆಂದಿಲ್ಲ ನಂದು."

ದ್ಯಾಮವ್ವ ಬಾ ಅನ್ನಲಿಲ್ಲ, ಕೂಡು ಅನ್ನಲಿಲ್ಲ. ಮೂರು ರೊಟ್ಟಿ ಬಡಿದು, ಬೇಯಿಸಿ, ಬುಟ್ಟಿಗೆ ಹಾಕಿದಳು. ದಾನಮ್ಮ ಬಾಗಿಲಲ್ಲೇ ನಿಂತಿದ್ದಳು.

"ಏನು ಬಂದಿ?"

"ನಿಮ್ಮ ಬಗ್ಗೆ ಒಂದಿಷ್ಟು ಬರ್ದೀನ್ರಿ. ಓದಿ ಹೇಳಬೇಕಿತ್ತು."

"ಓದು."

ದಾನಮ್ಮ ಓದಿದಳು.

"'ದ್ಯಾಮವ್ವ ಎಂಬುವರ ಬಲಗೈ ಸುಟ್ಟಿತ್ತು. ನೋಡಲು ಚೆಂದ ಕಾಣಲೆಂದು ಐದೂ ಬೆರಳು ಕೂಡಿಸಿ ಬಟ್ಟೆ ಕಟ್ಟಿದೆ. ಹಾಗೆ ಕಟ್ಟಬಾರದೆಂದು ನನ್ನ ಗುರುಗಳು ಮೊದಲೇ ಹೇಳಿದ್ದರು. ದ್ಯಾಮವ್ವನವರ ಎರಡು ಬೆರಳು ಅಂಟಿಕೊಂಡವು. ಅದಾದ ಮೇಲೆ ಎರಡು ವರ್ಷ ಅವರಿಗೆ ಮುಖ ತೋರಿಸಲಿಲ್ಲ. ಗಾಯ ಕಟ್ಟುವುದನ್ನು ನಾನು ಅವರ ಕೈಯಿಂದ ಕಲಿತೆ.'"

ರೊಟ್ಟಿಯ ಸಪ್ಪಳ ನಿಂತಿತ್ತು. ಹಂಚಿನ ಮೇಲಿದ್ದ ರೊಟ್ಟಿ ಸೀದ ವಾಸನೆ ಬಂತು. ದ್ಯಾಮವ್ವ ಅದನ್ನು ತೆಗೆದು ಪಕ್ಕಕ್ಕೆ ಹಾಕಿದಳು.

"ಅಜ್ಜಾರು ಬಂದಿದ್ರು, ಗೊತ್ತೇನು ನಿನಗ?"

"ಇಲ್ರಿ."

"ಆವಾಗಲೇ ಬಂದಿದ್ರು. ಅಷ್ಟು ದೊಡ್ಡ ಮನುಷ್ಯಾ, ನೀ ನಿಂತಲ್ಲೇ ನಿಂತು ನನಗ ಕೈ ಮುಗಿದ್ರು. ಸಣ್ಣ ಹುಡುಗಿ ಕೈಗೆ ಬಿಟ್ಟು ಹೋದದ್ದು ನನ್ನ ತಪ್ಪು ಅಂದ್ರು. ಅವರ ಮ್ಯಾಲಿನ ಸಿಟ್ಟು ನಾ ಅವತ್ತ ಬಿಟ್ಟೆ. ನಿನ್ನ ಮ್ಯಾಲಿಂದು ಬಿಟ್ಟಿಲ್ಲ."

"ಹೌದ್ರಿ. ಬೆರಳು ಹೋದದ್ದು ನನ್ನಿಂದ."

"ಬೆರಳಿನ ಸಿಟ್ಟಲ್ಲ ಹುಚ್ಚಿ. ನಾ ಏನು ನಿನ್ನ ತಿಂದುಬಿಡ್ತಿದ್ನೇನು? ಈ ಹೊಳಿ ದಾಟಾಕ ಎರಡು ವರ್ಷ ಬೇಕಾತೇನು ನಿನಗ?"

"ಅಂಜಿಕಿ ಬಂತ್ರಿ ಅತ್ತಿ."

"ನನಗೂ ಬಂದಿತ್ತು. ಇನ್ನ ರೊಟ್ಟಿ ಬಡಿಯಾಕ ಆಗ್ತೈತೋ ಇಲ್ಲೋ ಅಂತ. ಒಬ್ಬಾಕಿನ ಕುಂತು ಅಂಜೀನಿ. ನೀ ಬಂದಿದ್ರ ಇಬ್ಬರೂ ಕೂಡಿ ಅಂಜಬಹುದಿತ್ತು."

ಇದನ್ನು ಕೇಳಿ ದಾನಮ್ಮ ಹೊಸ್ತಿಲ ಮೇಲೇ ಕೂತಳು. ತಪ್ಪಾಯಿತು ಅಂದಳು. ಎರಡು ವರ್ಷದಿಂದ ಅನ್ನಬೇಕಾಗಿದ್ದ ಮಾತು, ಒಂದು ಸಲ ಬಾಯಿಗೆ ಬಂದ ಮೇಲೆ ನಿಲ್ಲಲೇ ಇಲ್ಲ, ಮತ್ತೆ ಮತ್ತೆ ಅಂದಳು.

"ಸಾಕು, ಎಷ್ಟು ಸಲ ಅಂತಿ. ಒಳಗ ಬಾ."

ಒಳಗೆ ಕರೆದು ನೀರು ಕೊಟ್ಟಳು. ಆಮೇಲೆ ಹಿಟ್ಟಿನ ಉಂಡೆ ತಗೊಂಡು ಅವಳ ಕಣ್ಣ ಮುಂದೆಯೇ ಬಡಿಯತೊಡಗಿದಳು. ಅಂಟಿದ ಬೆರಳುಗಳು ಸ್ವಲ್ಪ ಎತ್ತಿಕೊಂಡಿದ್ದವು. ರೊಟ್ಟಿ ತಿರುಗುತ್ತಾ ದೊಡ್ಡದಾಯಿತು. ಒಂದು ಅಂಚು ಮಾತ್ರ ತುಸು ದಪ್ಪ.

"ನೀ ಬರ್ದದ್ದು ಖರೆ ಐತಿ. ಆದ್ರ ಅರ್ಧಕ್ಕ ನಿಲ್ಲಿಸೀದಿ."

"ಏನು ಬಿಟ್ಟೀನ್ರಿ?"

"ದ್ಯಾಮವ್ವ ಇವತ್ತಿಗೂ ರೊಟ್ಟಿ ಬಡೀತಾಳ ಅಂತ ಬರಿ. ಇಲ್ಲಂದ್ರ ಓದಿದೋರು ನನ್ನ ಕೈಯ ಹೋತು ಅಂತ ಮರುಗ್ತಾರ. ಗುರುತು ಪರಿಚಯ ಇಲ್ಲದೋರ ಮರುಕ ನನಗ್ಯಾಕ?"

ದಾನಮ್ಮ ಅಲ್ಲೇ, ಹಿಟ್ಟು ಕಲಸುವ ಪರಾತದ ಪಕ್ಕ ಕೂತು ಬರೆದಳು. ಬರೆದದ್ದನ್ನು ಓದಿದಳು.

"ಈಗ ಹೌದು," ಅಂದಳು ದ್ಯಾಮವ್ವ.

ಬಿಸಿ ರೊಟ್ಟಿಯ ಮೇಲೆ ಪಲ್ಯ ಹಾಕಿ ಕೊಟ್ಟಳು. ದಾನಮ್ಮ ತಿನ್ನುವಾಗ ದ್ಯಾಮವ್ವ ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದಳು.

"ಜಿಲ್ಲಾ ದವಾಖಾನ್ಯಾಗ ಇದನ್ನ ಬಿಡಿಸಬಹುದು ಅಂತ ಅಜ್ಜಾರು ಹೇಳ್ಯಾರ. ನಾಕು ಸಲ ಚೀಲ ತುಂಬಿ ಇಟ್ಟೆ. ಒಬ್ಬಾಕಿನ ಹೋಗಾಕ ಧೈರ್ಯ ಸಾಲಲಿಲ್ಲ."

"ನಾ ಬರ್ತೀನ್ರಿ ಅತ್ತಿ. ಸೀಟು ಸಿಕ್ರೂ ಬರ್ತೀನಿ, ಸಿಗದಿದ್ರೂ ಬರ್ತೀನಿ. ಬರೋ ಸೋಮವಾರ ಹೋಗೋಣ."

"ಬಾ. ಆದ್ರ ಬ್ಯಾಂಡೇಜು ಮಾತ್ರ ನೀ ಕಟ್ಟಬ್ಯಾಡ."

ದಾನಮ್ಮನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ದ್ಯಾಮವ್ವನೇ ಮೊದಲು ನಕ್ಕಳು.

"ಅಲ್ಲ, ನೀನ ಕಟ್ಟು. ಈ ಕೈ ಬಗ್ಗೆ ನಿನಗಿಂತ ಹೆಚ್ಚು ಯಾರು ಅತ್ತಾರ?"

ಶನಿವಾರ ಬೆಳಿಗ್ಗೆ ದಾನಮ್ಮ ಮೂರನೆಯ ಸಲ ಅಜ್ಜಾರ ಮುಂದೆ ಬಂದು ನಿಂತಳು. ಕಾಗದದ ಅಂಚಿಗೆ ಜೋಳದ ಹಿಟ್ಟು ಹತ್ತಿತ್ತು. ದೋಣಿಯಲ್ಲಿ ಬರೆದ ಸಾಲುಗಳು ಮೇಲೆ ಕೆಳಗೆ ಓಡಿದ್ದವು.

"ಬ್ಯಾರೆ ಹಾಳಿ ಮ್ಯಾಲ ಬರೀಲೇನ್ರಿ?"

"ಓದಾಕ ಬರ್ತೈತಿಲ್ಲ? ಸಾಕು."

ಅಜ್ಜಾರು ಮೊದಲಿನಿಂದ ಕೊನೆಯ ತನಕ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಂದು ಸಲ ಓದಿದರು. ಆಮೇಲೆ ಸಹಿ ಮಾಡಿ, ಕಾಗದವನ್ನು ತಾವೇ ಲಕೋಟೆಗೆ ಹಾಕಿ, ಅಂಟಿಸಿ ಕೊಟ್ಟರು.

ದಾನಮ್ಮ ಕಾಲಿಗೆರಗಿದಳು. ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು. ಹೊಟ್ಟೆಯೊಳಗೆ ಒಂದು ಮಾತು ಉಳಿದಿತ್ತು, ಅದನ್ನು ಇಟ್ಟುಕೊಂಡು ಟಪಾಲು ಹಾಕಲು ಅವಳಿಂದ ಆಗುತ್ತಿರಲಿಲ್ಲ.

"ಅಜ್ಜಾರೆ, ಬುಧವಾರ ಬರ್ದದ್ದನ್ನ ಕಳಿಸಿದ್ರ ಅವರು ಖಂಡಿತ ಹೂಂ ಅಂತಿದ್ರು, ಅಲ್ಲೇನ್ರಿ?"

"ಅಂತಿದ್ರು."

"ಮತ್ತ ಅದಕ್ಕ ಯಾಕ ಸಹಿ ಮಾಡಲಿಲ್ರಿ?"

ಅಜ್ಜಾರು ಜಗಲಿಯ ಮೇಲೆ ಕಾಯುತ್ತಿದ್ದ ರೋಗಿಗೆ ಕೈ ಮಾಡಿ ಕರೆದು, ಅವಳ ಕಡೆ ತಿರುಗಿದರು.

"ಹೂಂ ಅಂದಿದ್ರ ಫಜೀತಿ ಆಗ್ತಿತ್ತವ್ವಾ. ಕಳಿಸಾಕ ಆ ಕಾಗದದಾಗಿನ ಹುಡುಗೀನ ನಾವು ಎಲ್ಲಿಂದ ಹುಡುಕಿ ತರ್ತಿದ್ವಿ?"